ಸ್ಟೀವರ್ಡ್ ಕುರ್ಚಿಯೂ ಮೇಗುಂದದ ಗೇಟೂ

ಮದುಮಗಳು ಸೀರೆ ಉಡುವ ಕೋಣೆಯಲ್ಲಿ ಕೂತು ನ್ಯಾಯ ಹೇಳುವ ಯೋಗ ಎಲ್ಲರಿಗೂ ಬರುವುದಿಲ್ಲ, ನನಗೆ ಬಂತು. ಕೊಪ್ಪದ ಕಲ್ಯಾಣ ಮಂಟಪವೊಂದನ್ನು ಎರಡು ದಿನಕ್ಕೆ ರ‍್ಯಾಲಿಯವರು ಹಿಡಿದಿದ್ದರು. ಊಟದ ಹಾಲ್‌ನಲ್ಲಿ ಡ್ರೈವರುಗಳು, ಧಾರೆ ಎರೆಯುವ ಜಾಗದಲ್ಲಿ ಬಹುಮಾನದ ಕಪ್ಪುಗಳು, ಒಳಕೋಣೆಯಲ್ಲಿ ನಾವು ಮೂವರು ಸ್ಟೀವರ್ಡುಗಳು. ಗೋಡೆಯ ಉದ್ದ ಕನ್ನಡಿಯ ತುಂಬ ಯಾವ್ಯಾವುದೋ ಮದುವೆಯವರು ಅಂಟಿಸಿ ಹೋದ ಹಣೆಯ ಸ್ಟಿಕ್ಕರುಗಳು. ನನ್ನ ಕುರ್ಚಿ ಸರಿಯಾಗಿ ಅದರ ಎದುರಿಗೇ ಬಿದ್ದಿತ್ತು. ತಲೆ ಎತ್ತಿದಾಗಲೆಲ್ಲ ನನ್ನ ಮುಖವನ್ನೇ ನೋಡಬೇಕು. ಅದೇನು ಅಷ್ಟು ನೋಡುವಂಥ ಮುಖವಲ್ಲ.

ರ‍್ಯಾಲಿ ಎಂದರೆ ಕಾಫಿ ಎಸ್ಟೇಟುಗಳ ಮಣ್ಣುರಸ್ತೆ ಮುಚ್ಚಿಸಿ ನಡೆಸುವ ಕಾರಿನ ಓಟ. ಕಾರುಗಳು ಒಟ್ಟಿಗೆ ಹೊರಡುವುದಿಲ್ಲ. ಧೂಳು ಕೂರಲೆಂದು ಎರಡೆರಡು ನಿಮಿಷ ಬಿಟ್ಟು ಒಂದೊಂದನ್ನೇ ಬಿಡುತ್ತಾರೆ, ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದರು. ಡ್ರೈವರ್ ಪಕ್ಕದಲ್ಲಿ ತಿರುವುಗಳನ್ನು ಓದಿ ಹೇಳುವ ನ್ಯಾವಿಗೇಟರ್ ಇರುತ್ತಾನೆ. ತಕರಾರು ಬಂದರೆ ತೀರ್ಪು ಕೊಡುವವರು ಸ್ಟೀವರ್ಡುಗಳು. ನಾನು ಹದಿನಾಲ್ಕು ವರ್ಷ ಓಡಿಸಿದವನು. ಸೊಂಟ ಕೈಕೊಟ್ಟ ಮೇಲೆ ಬಿಟ್ಟು, ಕೊಪ್ಪದಲ್ಲಿ ವರ್ಕ್‌ಶಾಪ್ ಹಾಕಿಕೊಂಡೆ. ಕೆಲವು ವರ್ಷಗಳಿಂದ ರ‍್ಯಾಲಿಯವರು ಕರೆದು ಕುರ್ಚಿ ಕೊಡುತ್ತಿದ್ದರು. ನಾನೂ ಒಗೆದ ಷರ್ಟ್ ಹಾಕಿಕೊಂಡು ಹೋಗಿ ಕೂರುತ್ತಿದ್ದೆ.

ಪ್ರತಿ ಸಲವೂ ಕಾಫಿಯ ಸಾಲಿನಲ್ಲಿ ಯಾರಾದರೊಬ್ಬರು ಅದೇ ಪ್ರಶ್ನೆ ಎತ್ತುತ್ತಿದ್ದರು: ಓಡಿಸಿದವರು ಪಕ್ಷಪಾತವಿಲ್ಲದೆ ನ್ಯಾಯ ಹೇಳುತ್ತಾರಾ? ಹಳೆಯ ದೋಸ್ತಿ, ಹಳೆಯ ಜಿದ್ದು ಎಲ್ಲ ಬರುವುದಿಲ್ಲವಾ? ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಸಾರಿಗೆ ಉಪ್ಪು ಸಾಕಾ ಅಂತ ಅಡುಗೆಯವನನ್ನ ಕೇಳ್ತೀರೋ, ಚಪ್ಪರ ಹಾಕೋನನ್ನ ಕೇಳ್ತೀರೋ?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಆ ಉತ್ತರ ನನಗೆ ತುಂಬಾ ಇಷ್ಟವಾಗಿತ್ತು. ಆ ಮಧ್ಯಾಹ್ನದ ತನಕ.

ಮಧ್ಯಾಹ್ನ ಎರಡು ಗಂಟೆಗೆ ತಕರಾರಿನ ಅರ್ಜಿ ಬಂತು. ಕೊಟ್ಟವನು ನರಸಿಂಹರಾಜಪುರದವನು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಇನ್ನೂ ಓಡಿಸುವ ಹುಚ್ಚು ಬಿಡದವನು. ನಾನು ಓಡಿಸುವಾಗ ನನಗೆ ಸರಿಸಮ ಇದ್ದವನು ಅವನೊಬ್ಬನೇ. ಈಗ ಅವನ ಕಾರು ರಿಪೇರಿಗೆ ಬರುವುದು ನನ್ನಲ್ಲಿಗೇ. ತಕರಾರು ಇದ್ದದ್ದು ಕಿಗ್ಗದ ಕಡೆಯ ಒಬ್ಬ ಹುಡುಗಿಯ ಮೇಲೆ. ಇಪ್ಪತ್ತನಾಲ್ಕು ವರ್ಷದವಳು, ಆ ವರ್ಷ ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಅವಳ ನ್ಯಾವಿಗೇಟರ್ ದೊಡ್ಡಪ್ಪನ ಮಗ, ಮನೆಯಲ್ಲಿ ಹತ್ತು ದನ ನೋಡಿಕೊಳ್ಳುವವನು.

ಆಗಿದ್ದು ಇಷ್ಟು. ಕೊನೆಯ ಓಟ ಮೇಗುಂದದ ಆಚೆಯ ಎಸ್ಟೇಟಿನಲ್ಲಿ. ರಸ್ತೆಯ ನಡುವೆ ಒಂದು ಮರದ ಗೇಟು. ಬೆಳಿಗ್ಗೆ ರ‍್ಯಾಲಿಯವರು ಅದನ್ನು ತೆಗೆದು ಕಂಬಕ್ಕೆ ಕಟ್ಟಿದ್ದರು. ಮೊದಲ ಕಾರು ಹೋದ ಮೇಲೆ, ದನ ಹುಡುಕಿಕೊಂಡು ಬಂದ ಯಾರೋ ಹೆಂಗಸು, ಹಾರು ಹೊಡೆದು ತೆರೆದೇ ಇದ್ದ ಗೇಟು ಕಂಡು ತಡೆಯಲಾರದೆ, ಕಟ್ಟು ಬಿಚ್ಚಿ ಗೇಟು ಮುಚ್ಚಿ ಹೋಗಿದ್ದಾಳೆ. ಎರಡನೆಯ ಕಾರು ಹುಡುಗಿಯದು. ಗೇಟು ಕಂಡು ನಿಲ್ಲಿಸಿದಳು. ನ್ಯಾವಿಗೇಟರ್ ಇಳಿದು ತೆಗೆದ, ಕಾರು ದಾಟಿತು, ಅವನು ಹಿಂದೆ ತಿರುಗಿ ಗೇಟು ಹಾಕಿ ಬಂದು ಕೂತ. ಮೂರನೆಯ ಕಾರು ಅರ್ಜಿ ಕೊಟ್ಟ ನನ್ನ ಗೆಳೆಯನದು. ತಿರುವು ದಾಟಿದವನೇ ಗೇಟು ಕಂಡು ಬ್ರೇಕ್ ತುಳಿದ, ಜಾರಿ ಕಂಬಕ್ಕೆ ಗುದ್ದಿದ, ರೇಡಿಯೇಟರ್ ಒಡೆಯಿತು. ಅವಳಿಗಿಂತ ಹನ್ನೊಂದು ಸೆಕೆಂಡ್ ಮಾತ್ರ ಹಿಂದಿದ್ದವನ ಆಟ ಅಲ್ಲಿಗೆ ಮುಗಿಯಿತು.

ಬೇಕೆಂದೇ ದಾರಿ ಅಡ್ಡಗಟ್ಟಿದರೆ ಅನರ್ಹತೆ, ಜೊತೆಗೆ ಒಂದು ವರ್ಷ ಲೈಸೆನ್ಸ್ ಅಮಾನತು. ಹುಡುಗಿಗೆ ಮುಂದಿನ ವರ್ಷ ಓಡಿಸಲು ದೊಡ್ಡ ತಂಡವೊಂದು ಕಾರು ಕೊಡುವುದೆಂದು ಮಾತಾಗಿತ್ತು. ಅನರ್ಹಳಾದರೆ ಆ ಕಾರು ಇಲ್ಲ. ಸ್ವಂತ ಕಾರಿನಲ್ಲಿ ಇನ್ನೊಂದು ವರ್ಷ ಎಳೆಯುವ ಶಕ್ತಿ ಅವರ ಮನೆಗಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಐದು ಗಂಟೆಗೆ ಬಹುಮಾನ, ಅಷ್ಟರೊಳಗೆ ತೀರ್ಪು ಬೇಕು.

ನಮ್ಮ ಮೂವರಲ್ಲಿ ಅಧ್ಯಕ್ಷರು ಮೈಸೂರಿನ ಒಬ್ಬ ವಕೀಲೆ. ನಿಯಮದ ಪುಸ್ತಕ ಅವರಿಗೆ ಬಾಯಿಪಾಠ, ರ‍್ಯಾಲಿ ಕಾರಿನಲ್ಲಿ ಒಂದು ದಿನವೂ ಕೂತವರಲ್ಲ. ಇನ್ನೊಬ್ಬರು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಅವರು ಎಲ್ಲವನ್ನೂ ಬರೆದುಕೊಳ್ಳುವುದರಲ್ಲೇ ಮುಳುಗಿದ್ದರು.

ನನ್ನ ಗೆಳೆಯ ಒಳಗೆ ಬಂದವನು ಕೂರಲೂ ಇಲ್ಲ.

"ಮೇಡಂ, ಇವನು ಆ ಕುರ್ಚೀಲಿ ಕೂರಬಾರದು" ಎಂದು ನನ್ನ ಕಡೆ ಬೆರಳು ಮಾಡಿದ. "ಇಪ್ಪತ್ತೆರಡು ವರ್ಷದ ಹಿಂದೆ ಇಂಥದ್ದೇ ಒಂದು ಗೇಟು. ಇವನ ಕಾರು ಮುಂದೆ, ನಂದು ಹಿಂದೆ. ಇವನ ನ್ಯಾವಿಗೇಟರ್ ಗೇಟು ಹಾಕ್ದ. ನಾನು ಆವತ್ತೂ ಅರ್ಜಿ ಕೊಟ್ಟಿದ್ದೆ. ಅಭ್ಯಾಸಬಲ ಅಂತ ಸ್ಟೀವರ್ಡುಗಳು ಬರೆದ್ರು, ಕಪ್ಪು ಇವನಿಗೆ ಹೋಯ್ತು. ನಾನೂ ನಂಬಿದೆ. ನಮ್ಮೂರ ಕಡೆ ಅದು ಆಗೋದೇ ಅಂತ ಸುಮ್ಮನಾದೆ. ಆದರೆ ನನ್ನೊಬ್ಬನಿಗೇ ಎರಡು ಸಲ ಬೇರೆಯವರ ಅಭ್ಯಾಸಬಲ ಅಡ್ಡ ಬರುತ್ತಾ?"

ತನ್ನ ಆ ಹಳೆಯ ಅರ್ಜಿಯ, ಅದರ ತೀರ್ಪಿನ ನಕಲನ್ನು ಮೇಜಿನ ಮೇಲಿಟ್ಟ. ಜೆರಾಕ್ಸ್ ಹಳದಿಯಾಗಿತ್ತು. ಇಷ್ಟು ವರ್ಷ ಜೋಪಾನ ಮಾಡಿದ್ದಾನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಮೇಡಂ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀವು ಪಕ್ಕಕ್ಕೆ ಸರಿಯೋದಾದ್ರೆ ಈಗಲೇ ಸರಿಯಬಹುದು. ಕೂತ್ಕೊಂಡು ನಿಷ್ಪಕ್ಷಪಾತವಾಗಿ ಹೇಳಬಲ್ಲೆ ಅಂದ್ರೂ ನನ್ನ ಅಡ್ಡಿ ಇಲ್ಲ. ಆ ವಿಷಯ ಇತ್ಯರ್ಥ ಆಗಿದೆ. ಈ ರಸ್ತೆಗಳ ಬಗ್ಗೆ ತಿಳಿದವರು ನಮ್ಮಲ್ಲಿ ನೀವೊಬ್ಬರೇ."

"ಹೇಳಬಲ್ಲೆ" ಎಂದೆ.

ಹೇಳಬಾರದಿತ್ತು. ಏಕೆಂದರೆ ಇಪ್ಪತ್ತೆರಡು ವರ್ಷದ ಹಿಂದೆ ಆ ಗೇಟು ಅಭ್ಯಾಸದಿಂದ ಬಿದ್ದದ್ದಲ್ಲ. ನನ್ನ ನ್ಯಾವಿಗೇಟರ್ ಗೇಟು ತೆಗೆದು ಕಾರಿನ ಕಡೆ ಓಡಿಬರುತ್ತಿದ್ದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಹಾಕು" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಹಾಕೋ ಮಾರಾಯ" ಎಂದೆ ಮತ್ತೆ. ಹಿಂದಕ್ಕೆ ಓಡಿ, ಒಂದು ಸಲ ನೂಕಿ, ಬಂದು ಕೂತ. ನಾನು ಗೆದ್ದದ್ದು ಒಂಬತ್ತು ಸೆಕೆಂಡಿನಲ್ಲಿ. ವಿಚಾರಣೆಯಲ್ಲಿ ನಾನು ಬಾಯಿ ಬಿಡಲಿಲ್ಲ. "ಕೈ ತಾನೇ ಹೋಯ್ತು ಸರ್, ಅಭ್ಯಾಸ" ಎಂದು ಅವನೇ ತಲೆ ಕೊಟ್ಟ. ಈಗ ಅವನಿಲ್ಲ, ತೀರಿಕೊಂಡು ನಾಲ್ಕು ವರ್ಷವಾಯಿತು. ಸಾಯುವ ತನಕ ಆ ಮಾತನ್ನು ನನ್ನ ಹತ್ತಿರ ಎತ್ತಲಿಲ್ಲ. ಆ ಕಪ್ಪು ನನ್ನ ವರ್ಕ್‌ಶಾಪಿನ ಹಲಗೆಯ ಮೇಲಿದೆ. ಹಳೆಯ ಸ್ಪಾರ್ಕ್ ಪ್ಲಗ್ ಹಾಕಿಡುತ್ತೇನೆ. ಅದರ ಮೇಲೆ ನನಗೆ ಮೋಹವಿಲ್ಲ ಎಂದು ತೋರಿಸಿಕೊಳ್ಳುವ ಉಪಾಯ ಅದು.

ಹುಡುಗಿಯನ್ನೂ ನ್ಯಾವಿಗೇಟರನನ್ನೂ ಕರೆದರು. ಅವಳ ಮುಖದಲ್ಲಿ ಹೆಲ್ಮೆಟ್ಟಿನ ಗುರುತು ಇನ್ನೂ ಕೆಂಪಗಿತ್ತು. ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಗೇಟು ಯಾಕೆ ಹಾಕಿದ್ರಿ?" ಮೇಡಂ ಕೇಳಿದರು.

"ನಾ ಎಂತ ಹೇಳ್ಲಿ ಮೇಡಂ, ತೆಗೆದೆ, ಹಾಕ್ದೆ. ಕೈ ತಾನೇ ಹೋಯ್ತು. ಕಾರಲ್ಲಿ ಕೂತು ಬೆಲ್ಟ್ ಹಾಕ್ಕೊಂಡ ಮೇಲೇ ಗೊತ್ತಾದದ್ದು."

ಅದೇ ಮಾತು, ಅಕ್ಷರ ಬಿಡದೆ ಅದೇ.

"ನೀವು ಹಾಕು ಅಂತ ಹೇಳಿದ್ರಾ?" ಎಂದು ಹುಡುಗಿಯನ್ನು ಕೇಳಿದರು. ಕಾರಿನ ಕ್ಯಾಮೆರಾ ಮುಂದಕ್ಕೆ ಮುಖ ಮಾಡಿತ್ತು, ಅದರಲ್ಲಿ ಇಂಜಿನ್ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

"ಇಲ್ಲ ಮೇಡಂ. ಬೇಗ ಬಾ ಅಂತ ಕೂಗ್ದೆ. ಗೇಟು ಹಾಕಿದ್ದು ನಾನು ನೋಡಿದ್ದೇ ಕನ್ನಡಿಯಲ್ಲಿ."

ನಿಜ ಹೇಳುತ್ತಿದ್ದಳೇ? ನನಗೆ ಗೊತ್ತಾಗಲಿಲ್ಲ. ಬೇರೆ ಯಾವ ಸ್ಟೀವರ್ಡ್ ಆಗಿದ್ದರೂ ಅವಳ ಮುಖ ನೋಡಿ ಒಂದು ನಿರ್ಧಾರಕ್ಕೆ ಬರುತ್ತಿದ್ದ. ನನಗೆ ಮಾತ್ರ ಆ ಮಾತನ್ನು ಸುಳ್ಳಾಗಿ ಹೇಗೆ ಹೇಳುತ್ತಾರೆ ಎಂದು ಗೊತ್ತಿತ್ತು. ಒಂದು ಮನಸ್ಸು ಇವಳು ಪಾಪದವಳು ಎನ್ನುತ್ತಿತ್ತು. ಇನ್ನೊಂದು, ನೀನೂ ಆವತ್ತು ಹೀಗೇ ನಿಂತಿದ್ದೆಯಲ್ಲ ಎನ್ನುತ್ತಿತ್ತು. ಓಡಿಸಿದವನೇ ನ್ಯಾಯ ಹೇಳಬೇಕು ಎಂದು ಊರಿಗೆಲ್ಲ ಸಾರಿನ ಉಪ್ಪಿನ ಪಾಠ ಹೇಳಿದವನು, ಕನ್ನಡಿಯಲ್ಲಿ ನನ್ನನ್ನೇ ನೋಡಲಾರದೆ ಮೇಜಿನ ಮೇಲಿನ ನೀರಿನ ಬಾಟಲಿ ನೋಡುತ್ತಿದ್ದೆ.

ಅವರನ್ನು ಹೊರಗೆ ಕಳಿಸಿದ ಮೇಲೆ ಮೇಡಂ ಮೇಜಿನ ಮೇಲೆ ಪೆನ್ನು ಕುಟ್ಟಿದರು. "ನನಗೆ ಒಂದು ಅರ್ಥ ಆಗಲ್ಲ. ಒಂದೊಂದು ಸೆಕೆಂಡಿಗೆ ಪ್ರಾಣ ಬಿಡೋ ಜನ, ಆರೇಳು ಸೆಕೆಂಡ್ ಕಳೆದು ಗೇಟು ಹಾಕ್ತಾರಾ, ಅದರಿಂದ ಲಾಭ ಇಲ್ಲದೆ? ಫೋಟೋ ನೋಡಿ. ಬರೀ ನೂಕಿಲ್ಲ. ತಂತಿಯ ಬಳೆಯನ್ನ ಕಂಬಕ್ಕೆ ತೊಡಿಸಿದ್ದಾರೆ, ಬುಡಕ್ಕೆ ಕಲ್ಲು ಒತ್ತಿದ್ದಾರೆ. ಇಷ್ಟು ಭದ್ರ ಮಾಡಿದ್ದು ಬೇಕೆಂದೇ ಅಲ್ಲವಾ?"

ಮೇಷ್ಟ್ರು ತಲೆಯಾಡಿಸಿದರು. ಇಬ್ಬರ ಮತ ಆ ಕಡೆ ವಾಲಿತು ಎಂದು ನನಗೆ ಸ್ಪಷ್ಟವಾಯಿತು.

ನಮ್ಮ ಕಡೆ ಗೇಟಿಗಿರುವ ಮರ್ಯಾದೆಯನ್ನು ಹೇಗೆ ಹೇಳುವುದು? ನಡೆಯಲು ಕಲಿತ ಮಗುವಿಗೆ ಬೀಳುವ ಮೊದಲ ಬೈಗುಳವೇ ಗೇಟಿನದು. ದನ ನುಗ್ಗಬಾರದು, ತೆಗೆದವನು ಹಾಕಬೇಕು, ತನ್ನ ಮನೆಯದಾದರೂ, ಜಗಳದ ಮನೆಯದಾದರೂ. ಹೆಣ ಹೊತ್ತುಕೊಂಡು ಹೋಗುವಾಗಲೂ ಹಿಂದೆ ಬಂದವನು ಗೇಟು ಹಾಕಿಯೇ ಬರುತ್ತಾನೆ. ಅದನ್ನೆಲ್ಲ ಹೇಳಿದೆ. ಮೇಡಂ ತಾಳ್ಮೆಯಿಂದ ಕೇಳಿ, "ನೀವು ಇಲ್ಲಿಯವರು, ಹಾಗೆ ಹೇಳ್ತೀರಿ" ಎಂದರು.

"ಜಾಗ ನೋಡೋಣ ಬನ್ನಿ" ಎಂದೆ. ಸಮಯ ತಳ್ಳಲು ಹೇಳಿದ್ದು, ಬೇರೇನೂ ಯೋಚನೆ ಇರಲಿಲ್ಲ.

ಮೂರೂವರೆಗೆ ನನ್ನ ಜೀಪಿನಲ್ಲಿ ಹೊರಟೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಮೇಡಂ. ಹಿಂದೆ ಒಂದು ಕಡೆ ಮೇಷ್ಟ್ರು ಮತ್ತು ನನ್ನ ಗೆಳೆಯ, ಎದುರಿಗೆ ಹುಡುಗಿ ಮತ್ತು ಅವಳ ನ್ಯಾವಿಗೇಟರ್ ಅಣ್ಣ. ಯಾರೂ ಯಾರ ಮೊಣಕಾಲಿಗೂ ತಾಗದಂತೆ ಕೂತಿದ್ದರು. ಕಾಫಿ ಕೊಯ್ಲಿನ ಕಾಲ, ಗಿಡಗಳೆಲ್ಲ ರ‍್ಯಾಲಿಯ ಧೂಳು ಮೆತ್ತಿಕೊಂಡು ಕೆಂಪಾಗಿದ್ದವು.

ಗೇಟು ಹಾಕಿತ್ತು. ಗೆಳೆಯನ ಕಾರನ್ನು ಎಳೆದುಕೊಂಡು ಹೋದವರು ಹಾಕಿರಬೇಕು. ಬಾಗಿಲ ಬದಿಯಲ್ಲಿ ಕೂತಿದ್ದವನು ಗೆಳೆಯನೇ ಆದ್ದರಿಂದ ಅವನೇ ಇಳಿದ. ಇಳಿಯುತ್ತಲೇ ಶುರುವಾಯಿತು.

"ನೋಡಿ ಮೇಡಂ, ಆ ತಿರುವಿಂದ ಇಲ್ಲಿಗೆ ಎಷ್ಟು ದೂರ? ಮೂವತ್ತು ಮಾರು ಇಲ್ಲ. ಅಲ್ಲಿ ನಾನು ಫುಲ್ ಸ್ಪೀಡಲ್ಲಿದ್ದೆ. ಸತ್ತೇ ಹೋಗ್ತಿದ್ದೆ." ಕಲ್ಲನ್ನು ಕಾಲಲ್ಲಿ ಸರಿಸಿದ, ಬಳೆ ತೆಗೆದ, ಗೇಟನ್ನು ನೂಕಿದ. ನಾನು ಜೀಪನ್ನು ಒಳಗೆ ಬಿಟ್ಟು ನಿಲ್ಲಿಸಿದೆ. "ಇದು ಮರ್ಯಾದಸ್ಥರು ಮಾಡೋ ಕೆಲಸವಾ? ರೇಸಲ್ಲಿ ಗೇಟು ಹಾಕೋನು ಮನುಷ್ಯನೇ ಅಲ್ಲ." ಗೇಟನ್ನು ಎಳೆದುಕೊಂಡ. "ಅಭ್ಯಾಸವಂತೆ, ಅಭ್ಯಾಸ." ತಂತಿಯ ಬಳೆಯನ್ನು ಕಂಬಕ್ಕೆ ತೊಡಿಸಿ ಒಂದು ಸಲ ಜಗ್ಗಿ ನೋಡಿದ. "ಇಂಥ ಅಭ್ಯಾಸ ನಾನೂ ನೋಡಿದೀನಿ." ಕಾಲಲ್ಲಿ ಕಲ್ಲನ್ನು ಗೇಟಿನ ಬುಡಕ್ಕೆ ಒತ್ತಿ, ಕೈ ಕೊಡವಿಕೊಂಡು ನಮ್ಮ ಕಡೆ ತಿರುಗಿದ.

ನಾವೆಲ್ಲ ಅವನ ಕೈಯನ್ನೇ ನೋಡುತ್ತಿದ್ದೆವು. ನಮಗೆ ಈಗಲೇ ಅದೇ ದಾರಿಯಲ್ಲಿ ವಾಪಸ್ಸು ಹೋಗುವುದಿತ್ತು, ಎಸ್ಟೇಟಿನಲ್ಲಿ ಒಂದು ದನವೂ ಕಾಣುತ್ತಿರಲಿಲ್ಲ. ಗೇಟು ಹಾಕುವ ಕಾರಣವೇ ಇರಲಿಲ್ಲ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೇಟಿನ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ. ಅಂಗೈಯ ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಂಡ. ಹುಡುಗಿಯ ಕಣ್ಣಲ್ಲಿ ನೀರು ಬಂತು, ಅವಳು ಮುಖ ತಿರುಗಿಸಿದಳು.

"ಥೂ" ಎಂದ ಅವನು, ತನಗೆ ತಾನೇ. ಆಮೇಲೆ ಮೇಡಂ ಹತ್ತಿರ ಬಂದ. "ಇನ್ನೆಂತ ಹೇಳೋದು. ನಾನೇ ಹಾಕಿದ್ನಲ್ಲ. ಆ ಹುಡುಗ್ರು ಹೇಳಿದ್ದು ನಿಜ ಇರ್ಬೇಕು."

ಅಷ್ಟಕ್ಕೆ ನಿಂತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ನನ್ನ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ.

"ಸಿಟ್ಟಲ್ಲಿ ನಿನಗೂ ಏನೇನೋ ಅಂದೆ ಮಾರಾಯ. ಸತ್ತವನ ಮೇಲೂ ಹೊರಿಸ್ದೆ, ಒಳ್ಳೇ ಮನುಷ್ಯ ಅವನು. ಮನಸ್ಸಲ್ಲಿ ಇಟ್ಕೋಬೇಡ."

ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ.

ಮೇಡಂ ಫೈಲು ತೆರೆದು ಜೀಪಿನ ಬಾನೆಟ್ ಮೇಲಿಟ್ಟರು. ವಕೀಲರಿಗೆ ಕಣ್ಣೆದುರು ಕಂಡದ್ದು ಸಾಲದು, ಕಾಗದ ಬೇಕು. "ಇವರು ಈಗ ಮಾಡಿದ್ದು ಒಂದು ಸೂಚನೆ ಅಷ್ಟೇ, ಅದರ ಮೇಲೇ ತೀರ್ಪು ನಿಲ್ಲಲ್ಲ. ಬಳೆ, ಕಲ್ಲಿನ ಪ್ರಶ್ನೆ ಹಾಗೇ ಇದೆ. ಆದರೆ ಈ ಹಳೆಯ ತೀರ್ಪು ಇದೆಯಲ್ಲ, ಅದು ಗಟ್ಟಿ ಆಧಾರ. ಇದೇ ಪ್ರದೇಶ, ಇಂಥದ್ದೇ ಗೇಟು, ಅಭ್ಯಾಸದಿಂದ ಅಂತ ಆವತ್ತೇ ತೀರ್ಮಾನ ಆಗಿದೆ. ಅದನ್ನೇ ಉಲ್ಲೇಖಿಸಿ ಅನರ್ಹತೆ ಬೇಡ ಅಂತ ಬರೀತೀನಿ." ನನ್ನ ಕಡೆ ತಿರುಗಿದರು. "ಆ ಕಾರಿನಲ್ಲಿ ಇದ್ದವರು ನೀವು. ಅದೂ ಅಭ್ಯಾಸವೇ ಅಲ್ಲವಾ? ಒಂದು ಸಾಲಿನ ಹೇಳಿಕೆ ಬರೆದು ಸಹಿ ಹಾಕಿಬಿಡಿ."

ಹೂಂ ಎಂದರೆ ಮುಗಿಯಿತು. ಹುಡುಗಿಗೆ ಕಾರು ಸಿಗುತ್ತದೆ, ಗೆಳೆಯನ ಕೈ ನನ್ನ ಹೆಗಲ ಮೇಲಿದೆ, ಸತ್ತವನಿಗೆ ಒಳ್ಳೆಯ ಹೆಸರಿದೆ. ನನ್ನ ಒಂದು ಸುಳ್ಳಿನಿಂದ ನಾಲ್ಕು ಜನಕ್ಕೆ ಒಳ್ಳೆಯದು. ಅಲ್ಲ ಎಂದರೆ ಆ ಗಟ್ಟಿ ಆಧಾರ ಕುಸಿಯುತ್ತದೆ, ಅದರ ಕೆಳಗೆ ಹುಡುಗಿಯೂ ಬೀಳಬಹುದು. ಮೇಡಂ ಪೆನ್ನು ಚಾಚಿದ್ದರು. ನಾನು ಕೈಗೆ ತೆಗೆದುಕೊಂಡೂ ಬಿಟ್ಟೆ.

ಆಗ ಗೇಟಿನ ಬುಡದ ಕಲ್ಲು ಕಣ್ಣಿಗೆ ಬಿತ್ತು.

"ಅಲ್ಲ" ಎಂದೆ.

"ಏನು?"

"ಆವತ್ತಿಂದು ಅಭ್ಯಾಸ ಅಲ್ಲ. ಹಾಕು ಅಂದವನು ನಾನು. ಅವನು ಒಪ್ಪಲಿಲ್ಲ, ನಾನು ಎರಡು ಸಲ ಹೇಳಿದೆ. ಬೇಕೆಂದೇ ಹಾಕಿಸಿದ್ದು."

ಹೆಗಲ ಮೇಲಿನ ಕೈ ತಕ್ಷಣ ಸರಿಯಲಿಲ್ಲ. ಅದೇ ಕಷ್ಟ. ನಾನು ನಿಲ್ಲಿಸದೆ ಹೇಳಿದೆ, ನಿಲ್ಲಿಸಿದ್ದರೆ ಮತ್ತೆ ಧೈರ್ಯ ಬರುತ್ತಿರಲಿಲ್ಲ. "ಮೋಸಕ್ಕೆ ಹಾಕೋನು ಬಳೆ ತೊಡಿಸಲ್ಲ ಮೇಡಂ, ಕಲ್ಲು ಒತ್ತಲ್ಲ. ಅವನಿಗೆ ಅಷ್ಟು ಪುರುಸೊತ್ತು ಇಲ್ಲ. ಒಂದು ಸಲ ನೂಕಿ ಓಡ್ತಾನೆ. ನಾವು ಹಾಗೇ ಮಾಡಿದ್ದು. ಆ ಹಳೇ ಅರ್ಜೀಲಿ ನೋಡಿ, ಗೇಟು ಹೇಗಿತ್ತು ಅಂತ ಇರಬೇಕು. ಬಳೆ ತೊಡಿಸಿ, ಜಗ್ಗಿ, ಕಲ್ಲು ಒತ್ತೋನು ರೇಸಲ್ಲಿ ಇದ್ದೀನಿ ಅನ್ನೋದನ್ನೇ ಮರೆತಿರ್ತಾನೆ. ದನ ನುಗ್ಗದ ಹಾಗೆ ಹಾಕ್ತಾನೆ. ಈ ಹುಡುಗ್ರು ಹಾಕಿದ್ದು ಹಾಗೆ."

ಮೇಡಂ ಹಳದಿ ಕಾಗದ ತಿರುವಿದರು. ಹುಡುಕಿ ಓದಿದರು: ಗೇಟು ಅರೆ ಮುಚ್ಚಿತ್ತು, ಬಳೆ ತೊಡಿಸಿರಲಿಲ್ಲ. ಅದನ್ನು ಬರೆದಿದ್ದವನು ನನ್ನ ಗೆಳೆಯನೇ, ಇಪ್ಪತ್ತೆರಡು ವರ್ಷದ ಹಿಂದೆ, ಗೆರೆ ಎಳೆದ ಹಾಳೆಯ ಮೇಲೆ.

ಆಗ ಕೈ ಸರಿಯಿತು.

ನಾನು ಸ್ಟೀವರ್ಡ್ ಬ್ಯಾಡ್ಜ್ ತೆಗೆದು ಬಾನೆಟ್ ಮೇಲಿಟ್ಟೆ. ಆ ತೀರ್ಪಿಗೆ ನನ್ನ ಸಹಿ ಇಲ್ಲ. ಉಳಿದ ಇಬ್ಬರು ಬರೆದರು: ಉದ್ದೇಶವಿರಲಿಲ್ಲ, ಆದರೂ ಅಪಾಯವಾಯಿತು, ಹತ್ತು ಸೆಕೆಂಡ್ ದಂಡ. ಗೇಟೇ ಅಡ್ಡ ಬರದ ಮೊದಲ ಕಾರಿನವನು ಗೆದ್ದ, ಹುಡುಗಿ ಎರಡನೆಯ ಸ್ಥಾನಕ್ಕಿಳಿದಳು, ತಂಡ ಕೊಡುವ ಕಾರು ಉಳಿಯಿತು. ಗೆಳೆಯ ಬಾಳೆಹೊನ್ನೂರಿನ ಕಡೆ ಹೋಗುವ ಬಸ್ಸು ಹತ್ತಿದ್ದನ್ನು ಯಾರೋ ನೋಡಿದ್ದರು. ನನ್ನ ಜೀಪಿನಲ್ಲಿ ವಾಪಸ್ಸು ಬರಲು ಅವನು ಒಪ್ಪಿರಲಿಲ್ಲ, ಮೇಗುಂದದ ತನಕ ನಡೆದೇ ಹೋಗಿದ್ದ.

ಓಡಿಸಿದವರು ನ್ಯಾಯ ಹೇಳಬಹುದಾ ಎಂದು ಈಗ ಯಾರೂ ನನ್ನನ್ನು ಕೇಳುವುದಿಲ್ಲ. ಕೇಳಿದರೆ ಉಪ್ಪಿನ ಮಾತು ಹೇಳಲಾರೆ. ಆ ಬಳೆಯ ವಿಷಯ ಓಡಿಸದವರಿಗೆ ಹೊಳೆಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಓಡಿಸಿ ಮೋಸ ಮಾಡದವರಿಗೂ ಹೊಳೆಯುತ್ತಿರಲಿಲ್ಲ. ಅಂಥವನನ್ನು ಕುರ್ಚಿಯಲ್ಲಿ ಕೂರಿಸಬೇಕೋ ಬೇಡವೋ ನನಗೆ ಗೊತ್ತಿಲ್ಲ. ಕೂರಿಸುವ ಮೊದಲು ಅವನ ಬಾಯಿಂದ ಎಲ್ಲ ಹೊರಡಿಸಬೇಕು ಎನ್ನುವುದು ಮಾತ್ರ ಗೊತ್ತು.

ಹತ್ತು ದಿನ ಬಿಟ್ಟು, ಬೆಳಿಗ್ಗೆ, ಅವನು ವರ್ಕ್‌ಶಾಪಿಗೆ ಬಂದ. ಬೇರೆಯವರ ಹತ್ತಿರ ರೇಡಿಯೇಟರ್ ಹಾಕಿಸಿಕೊಂಡ ಕಾರಿನಲ್ಲಿ. ನಾನು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತೆ. ಅವನು ನನ್ನನ್ನು ನೋಡಲಿಲ್ಲ. ನೇರ ಹಲಗೆಯ ಹತ್ತಿರ ಹೋಗಿ ಕಪ್ಪನ್ನು ಕೆಳಗಿಳಿಸಿದ. ಒಳಗಿದ್ದ ಪ್ಲಗ್ಗುಗಳನ್ನು ಸುರಿಯಲಿಲ್ಲ, ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಅಲ್ಲಿದ್ದ ವೇಸ್ಟ್ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿದ.

"ಒಂಬತ್ತು ಸೆಕೆಂಡ್ ಅಲ್ವಾ?" ಎಂದ.

"ಹೂಂ."

"ವರ್ಕ್‌ಶಾಪ್ ಹಾಕಿದಾಗಿಂದ ನಿನ್ನ ಹತ್ರಾನೇ ಕಾರು ಕೊಟ್ಟೆನಲ್ಲ ಮಾರಾಯ. ಬ್ರೇಕೂ ನೀನೇ ನೋಡ್ತಿದ್ದೆ."

ತಪ್ಪಾಯ್ತು ಎನ್ನಬೇಕಿತ್ತು, ಅದು ಅವನ ಮುಂದೆ ಬಹಳ ಸಣ್ಣ ಮಾತಾಗಿ ಕಂಡಿತು. ಅವನು ಕಪ್ಪನ್ನು ಮುಂದಿನ ಸೀಟಿನ ಮೇಲಿಟ್ಟು ಕಾರು ಶುರು ಮಾಡಿದ. ನನ್ನ ವರ್ಕ್‌ಶಾಪಿನ ಗೇಟು ದಾಟಿ ರಸ್ತೆಗೆ ಇಳಿಸಿದ. ಇನ್ನು ಈ ಕಡೆ ಬರುವುದಿಲ್ಲ ಎಂದುಕೊಂಡೆ. ಕಾರು ನಿಂತಿತು. ಇಳಿದು ಬಂದ, ನನ್ನ ಕಡೆ ನೋಡದೆ ಗೇಟು ಎಳೆದ, ಚಿಲಕ ಹಾಕಿ ಒಂದು ಸಲ ಜಗ್ಗಿ ನೋಡಿ ಹೋದ.